ಎತ್ತು ಹೇಳಿದ ಸಾಕ್ಷಿ

ಹುಕ್ಕೇರಿ ಕಡೆಯಿಂದ ನಮ್ಮೂರ ಶಾಲೆಗೆ ಬಂದಿದ್ದ ಮಾಸ್ತರರು ಮಕ್ಕಳ ಪುಸ್ತಕ ಬರೆಯುವವರು. ಅವರ ಕಥೆಗಳಲ್ಲಿ ಕಾಗೆ, ನಾಯಿ, ಎತ್ತು ಎಲ್ಲವೂ ಮಾತಾಡುತ್ತಿದ್ದವು. ನಮ್ಮ ಪಡಸಾಲೆಯಲ್ಲೇ ಅವರ ಬಿಡಾರ. ಸಂಜೆ ಕಟ್ಟೆಯ ಮೇಲೆ ಕೂತು ಒಂದೊಂದು ಪ್ರಾಣಿಗೆ ಒಂದೊಂದು ದನಿ ತೆಗೆದರೆ ಓಣಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಬ್ರಿಟಿಷರ ಕಾಲ, ಕೌಜಲಗಿ ಹಾದಿಯ ಆ ಸಣ್ಣ ಊರಿಗೆ ಬೇರೆ ಮೋಜು ಇರಲಿಲ್ಲ.

ಆ ವರ್ಷ ಬಿತ್ತನೆಗೆ ಮುಂಚೆ ಓಣಿಯ ಎತ್ತುಗಳು ಒಂದರ ಹಿಂದೊಂದು ಸತ್ತವು. ಹೊಲದಲ್ಲಿ ಮೇದು ಬಂದ ಎತ್ತು ನೀರು ಕುಡಿದು ಅಲ್ಲೇ ಉಸಿರು ಕಟ್ಟಿ ಬೀಳುತ್ತಿತ್ತು. ನೀರು ಕುಡಿಸುವವಳು ನಮ್ಮ ಸೋದರತ್ತೆ. ಗಂಡ ಸತ್ತ ಮೇಲೆ ತವರಿಗೆ ಬಂದಿದ್ದಳು. ಮನೆಮನೆಯ ಮುಸುರೆ ನೀರು ಕೂಡಿಸಿ ಓಣಿಯ ದನಗಳಿಗೆಲ್ಲ ಕುಡಿಸುವಳು. ಊರಲ್ಲಿ ಅವಳಿಗೊಂದು ಜಾಗವಿದ್ದದ್ದು ಅದರಿಂದಲೇ.

ಒಂದು ಸಂಜೆ ಎತ್ತು ಕಳೆದುಕೊಂಡವನೊಬ್ಬ ಕೇಳಿದ, “ಮಾಸ್ತರ, ನಮ್ಮ ಎತ್ತು ಯಾಕ ಸತ್ತಿತು? ಅದರ ಬಾಯಿಲೇ ಹೇಳಸ್ರಿ.”

ಕಣ್ಣಿಗೆ ಬಿದ್ದದ್ದನ್ನೆಲ್ಲ ಕಥೆಗೆ ತುರುಕುವುದು ಮಾಸ್ತರರ ಚಾಳಿ. ಎದುರಿಗೆ ಅತ್ತೆಯ ಕೊಡ ಇತ್ತು. ಕೊಂಚ ಹೆದರಿಸಿ ಆಮೇಲೆ ನಗಿಸೋಣವೆಂದು ದಪ್ಪ ದನಿ ತೆಗೆದರು: “ಆಕಿ ಕುಡಿಸಿದ ನೀರಾಗ ವಿಷ ಇತ್ತೋ ಯಪ್ಪಾ!”

ಯಾರೂ ನಗಲಿಲ್ಲ. ನಮ್ಮವರಿಗೆ ಎತ್ತು ಅಂದರೆ ಬಸವಣ್ಣ. ಬಸವಣ್ಣ ಸುಳ್ಳು ಹೇಳುವುದುಂಟೇ? ಮರುದಿನ ಒಂದು ಮನೆಯೂ ಅತ್ತೆಗೆ ಮುಸುರೆ ಹಾಕಲಿಲ್ಲ. ಆಕೆಯನ್ನು ಊರಲ್ಲಿ ಇಟ್ಟುಕೊಳ್ಳಬೇಡಿ ಎಂದು ಹಿರಿಯರು ಅಪ್ಪನಿಗೆ ಹೇಳಿ ಕಳಿಸಿದರು.

ಮಾಸ್ತರರು ಬಾಗಿಲು ಬಾಗಿಲಿಗೆ ಹೋಗಿ ಕೈಮುಗಿದರು. “ಅದು ಕಥಿರೀ, ನಾ ಕಟ್ಟಿದ್ದು.”

“ಈಗ ಮಾತಾಡಾಕತ್ತವ್ರು ನೀವು, ಮಾಸ್ತರ. ಅವತ್ತು ಮಾತಾಡಿದಾಂವ ಬಸವಣ್ಣ,” ಎಂದರು ಜನ.

ಅಪ್ಪ ಕೆಲವು ದಿನ ಗಟ್ಟಿಯಾಗಿ ನಿಂತ. ಊರವರು ಬಾವಿಗೆ ನಮ್ಮ ಕೊಡ ಇಳಿಸಲು ಬಿಡದಾದಾಗ ಸೋತ. ಅತ್ತೆಯನ್ನು ಮೂಡಲಗಿಯ ದೂರದ ಸಂಬಂಧಿಕರ ಮನೆಗೆ ಬಿಟ್ಟು ಬಂದ. ಹೊರಡುವಾಗ ಅವಳು ಅಳಲಿಲ್ಲ. ನಾನೇ ಅಳುತ್ತ ಊರಿಗೆ ಬೆಂಕಿ ಬೀಳಲಿ ಅಂತ ಶಾಪ ಹಾಕಿದೆ.

ಸ್ವಲ್ಪ ದಿನಕ್ಕೆ ನಮ್ಮದೇ ಎತ್ತು ಹಗ್ಗ ಹರಿದುಕೊಂಡು ಕೊಯ್ದ ಜೋಳದ ಹೊಲಕ್ಕೆ ನುಗ್ಗಿತು. ಅಡ್ಡಮಳೆಗೆ ಅಲ್ಲಿ ಹಳೆಯ ಬುಡ ಚಿಗುರಿ, ಬಿಸಿಲಿಗೆ ಬಾಡಿ ನಿಂತಿತ್ತು. ಆ ಚಿಗುರು ಮೇದ ಎತ್ತು ನೀರಿನ ಹನಿ ಕಾಣದೆ, ಹಾಡಹಗಲೇ, ಹತ್ತಾರು ಜನರ ಎದುರು ಬದುವಿನ ಮೇಲೆ ಉರುಳಿತು. ಬಾಡಿದ ಜೋಳದ ಚಿಗುರು ದನಕ್ಕೆ ವಿಷ ಎಂಬುದು ನಮ್ಮ ರೈತರಿಗೆ ಗೊತ್ತಿಲ್ಲದ್ದೇನಲ್ಲ. ಎತ್ತು ಮಾತಾಡಿದ ಮೇಲೆ ಹೊಲದ ಕಡೆ ನೋಡಿದವರೇ ಇಲ್ಲ, ಅಷ್ಟೇ.

ಮಾಸ್ತರರು ವರ್ಗ ಮಾಡಿಸಿಕೊಂಡು ಹೋದರು. ಆಮೇಲಿನ ಅವರ ಪುಸ್ತಕಗಳಲ್ಲಿ ಯಾವ ಪ್ರಾಣಿಯೂ ಬಾಯಿ ಬಿಡುವುದಿಲ್ಲ.

ಅತ್ತೆಯನ್ನು ಕರೆತರಲು ಅಪ್ಪನ ಜೊತೆ ನಾನೂ ಮೂಡಲಗಿಗೆ ಹೋದೆ. ಅವಳು ಅಂಗಳದಲ್ಲಿ ಸಗಣಿಯ ಕುಳ್ಳು ತಟ್ಟುತ್ತಿದ್ದಳು.

“ಎಲ್ಲಾರಿಗೂ ಖರೆ ಗೊತ್ತಾತವ್ವಾ. ನಡಿ, ಮನಿಗೆ ಹೋಗೂಣು,” ಎಂದ ಅಪ್ಪ.

ಅವಳು ಕೈ ತೊಳೆದುಕೊಂಡು ನಮಗೆ ನೀರು ತಂದಿಟ್ಟಳು.

“ಸತ್ತ ಎತ್ತಿನ್ನ ಕೇಳಿದ್ರಿ, ಅಣ್ಣಾ. ಬದುಕಿದ್ದ ನನ್ನ ಯಾರರ ಕೇಳಿದ್ರೇನು?”

ಅಪ್ಪ ಆ ನೀರು ಕುಡಿದ. ನಾವಿಬ್ಬರೇ ಊರಿಗೆ ಮರಳಿದೆವು.