ತೆರೆದೇ ಉಳಿದ ಮೈಕು

ಗೋಕಾಕದ ಅಪ್ಪಾಸಾಹೇಬನ ದನಿ ಮೊದಲಿನಿಂದಲೂ ಮೆತ್ತಗೆ. ಹೆಂಡತಿ ನಾಗಮಣಿಯ ಸಾಫ್ಟ್‌ವೇರ್ ಕೆಲಸದ ಬೆನ್ನಿಗೆ ಅಮೆರಿಕದ ಡಾಲಸ್ ಪಕ್ಕದ ಕಾಪೆಲ್‌ಗೆ ಬಂದವನು ಎರಡು ವರ್ಷ ಮನೆಯಲ್ಲೇ ಕೂತಿದ್ದ. ಅವನಿಗೆ ಟ್ರಕ್ ಓಡಿಸಲು ಕಲಿಸಿ, ಲೈಸೆನ್ಸ್ ಪರೀಕ್ಷೆಗೆ ಮೂರು ಸಲವೂ ಜೊತೆಗೆ ಬಂದವನು ಹ್ಯೂಸ್ಟನ್ನಿನ ಪ್ರಹ್ಲಾದ, ಮೂಲತಃ ವಿಜಯಪುರದವನು. ಈಗ ಇಬ್ಬರೂ ಡಾಲಸ್–ಹ್ಯೂಸ್ಟನ್ ನಡುವೆ ಸರಕು ಸಾಗಿಸುತ್ತಿದ್ದರು.

ದಾರಿಯಲ್ಲಿ ಡ್ರೈವರುಗಳು ಸಿಬಿ ರೇಡಿಯೊದಲ್ಲಿ ಮಾತಾಡಿಕೊಳ್ಳುತ್ತಾರೆ; ಒಬ್ಬ ಆಡಿದ್ದು ಸುತ್ತಲಿನ ಟ್ರಕ್ಕುಗಳಿಗೆಲ್ಲ ಕೇಳಿಸುತ್ತದೆ. ಅಪ್ಪಾಸಾಹೇಬ ಬಾಯಿ ತೆರೆದರೆ ಸೊಳ್ಳೆ ಗುಂಯ್‌ಗುಟ್ಟಿತೆಂದು ನಗುತ್ತಿದ್ದರು. ಅವನು ದನಿ ದೊಡ್ಡದು ಮಾಡುವ, ಬ್ಯಾಟರಿ ಹಾಕುವ ಪವರ್ ಮೈಕ್ ಕೊಂಡ. ಅದೂ ಸಾಲದೆ, ಒಂದು ಭಾನುವಾರ ಅದನ್ನು ಬಿಚ್ಚಿ, ದನಿಗೆ ಮಿತಿ ಹಾಕುವ ಪುಟ್ಟ ರೆಸಿಸ್ಟರ್ ಕಿತ್ತು ಬೇರೆಯದನ್ನು ಬೆಸೆದ. ಮುಚ್ಚುವಾಗ ಒಂದು ತಂತಿ, ಮಾತಾಡಲು ಒತ್ತುವ ಗುಂಡಿಯ ಹಿಂದೆ ಸರಿದದ್ದು ಗಮನಕ್ಕೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಡಾಲಸ್ ಬಿಟ್ಟರು. ಪ್ರಹ್ಲಾದನ ಟ್ರಕ್ ಎರಡು ಮೈಲಿ ಹಿಂದೆ.

"ಹೆಂಗ ಕೇಳಸ್ತದ?" ಅಪ್ಪಾಸಾಹೇಬ ಮೈಕಿನಲ್ಲಿ ಕೇಳಿದ.

"ಲೇ, ಕಿವಿ ಹರದು ಹೋಗ್ತಾವಲೇ!" ಪ್ರಹ್ಲಾದ ನಕ್ಕ.

ಅಪ್ಪಾಸಾಹೇಬ ಇನ್ನೆರಡು ಮಾತಾಡಿ, ಹಿಗ್ಗಿನಿಂದ ಮೈಕನ್ನು ಕೊಕ್ಕೆಗೆ ಸಿಕ್ಕಿಸಿದ. ಗುಂಡಿ ಒತ್ತಿದಂತೆಯೇ ಕಚ್ಚಿಕೊಂಡಿತ್ತು. ಹಾಗಿದ್ದಾಗ ತನ್ನ ದನಿ ಹೋಗುತ್ತಲೇ ಇರುತ್ತದೆ, ಉಳಿದವರ ಮಾತು ಕೇಳಿಸುವುದಿಲ್ಲ. ರೇಡಿಯೊ ಸುಮ್ಮನಾದದ್ದನ್ನು ಅವನು ರಸ್ತೆಯ ಶಾಂತಿ ಎಂದುಕೊಂಡ. ಅಷ್ಟರಲ್ಲಿ ನಾಗಮಣಿಯ ಫೋನ್ ಬಂತು.

"ರೀ, ಲಿಟಲ್ ಎಲ್ಮ್‌ನ ಹೊಸ ಮನೆ ಗೃಹಪ್ರವೇಶಕ್ಕೆ ಪ್ರಹ್ಲಾದ್ ಅವ್ರಿಗೆ ಹೇಳಿದ್ರಾ?"

"ಪ್ರಹ್ಲಾದ ಬ್ಯಾಡ. ನಿನ್ನ ಆಫೀಸಿನ ಮಂದಿ ಬರ್ತಾರ. ಅವರ ಮುಂದ 'ನಾವಿಬ್ರೂ ಟ್ರಕ್ ಡ್ರೈವರು' ಅಂತ ಒದರ್ತಾನ. ಆ ಹರಕ ಟೋಪಿ ಬ್ಯಾರೆ. ನನಗ ನಾಚಿಕಿ ಆಗ್ತದ."

"ಅವರಿಲ್ದಿದ್ರೆ ನಿಮ್ಗೆ ಕೆಲಸ ಎಲ್ಲಿತ್ತು?"

"ಕಲಿಸ್ಯಾನ, ಖರೆ. ಅದಕ್ಕಂತ ಜೀವಮಾನ ಹೊತ್ಕೊಂಡು ತಿರಗಬೇಕೇನು?"

ದಾರಿಯಲ್ಲಿ ಕಾರ್ಸಿಕಾನಾ ಊರಿನ ಹತ್ತಿರ ಡೀಸೆಲ್‌ಗೆ ನಿಲ್ಲಿಸಿದಾಗ ಪ್ರಹ್ಲಾದನ ಟ್ರಕ್ಕೂ ಪಕ್ಕಕ್ಕೆ ಬಂದು ನಿಂತಿತು. ಅವನು ಇಳಿದು ಬಂದು, ಕಿಟಕಿಯೊಳಗೆ ಕೈ ಚಾಚಿ ರೇಡಿಯೊದ ಕೆಂಪು ದೀಪ ತೋರಿಸಿದ.

"ಮೈಕ್ ಬಂದ್ ಆಗಿಲ್ಲ. ದನಿ ಚಲೋ ಬರಾಕತ್ತದ. ಒಂದೊಂದು ಮಾತೂ ಸ್ವಚ್ಛ ಕೇಳಿಸ್ತು."

ತಲೆಯ ಟೋಪಿ ತೆಗೆದು ಒಂದು ಗಳಿಗೆ ನೋಡಿದ. ಮತ್ತೆ ಹಾಕಿಕೊಂಡು ಹೊರಟುಹೋದ.

ಆ ರಸ್ತೆಯಲ್ಲಿ ಎಷ್ಟೋ ಜನ ಅಪ್ಪಾಸಾಹೇಬನ ಮಾತು ಕೇಳಿಸಿಕೊಂಡಿದ್ದರು. ಆ ಕನ್ನಡ ಅರ್ಥವಾದದ್ದು ಮಾತ್ರ ಒಬ್ಬನಿಗೆ, ಯಾರಿಗೆ ಆಗಬಾರದಿತ್ತೋ ಅವನಿಗೆ. ಅರ್ಧ ಗಂಟೆ ಸ್ಟೀರಿಂಗಿಗೆ ಹಣೆ ಹಚ್ಚಿ ಕೂತ. ಹಿಂದಿನವರು ಹಾರ್ನ್ ಹೊಡೆದರೂ ತಲೆ ಎತ್ತುವ ಧೈರ್ಯವಾಗಲಿಲ್ಲ.

ಶನಿವಾರ ಆಮಂತ್ರಣ ಹಿಡಿದು ಹ್ಯೂಸ್ಟನ್ನಿಗೆ ಹೋದ. ಹಿಲ್‌ಕ್ರಾಫ್ಟ್ ರಸ್ತೆಯ ಅಂಗಡಿಯಲ್ಲಿ ಪೇಡೆ ಕಟ್ಟಿಸಿಕೊಂಡ. ಪ್ರಹ್ಲಾದ ಬಾಗಿಲು ತೆರೆದು, ಒಳಗೆ ಕರೆದು, ಚಹಾ ಕೊಟ್ಟ.

"ತಪ್ಪಾತು," ಎಂದ ಅಪ್ಪಾಸಾಹೇಬ.

"ಇರ್ಲಿ ಬಿಡ್ರಿ ಅಪ್ಪಾಸಾಹೇಬ್ರ. ನೀವು ಚಹಾ ಕುಡೀರಿ, ಆರ್ತದ."

ನೀವು! ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಪ್ರಹ್ಲಾದ ಗೃಹಪ್ರವೇಶಕ್ಕೆ ಬಂದ, ಹೊಸ ಅಂಗಿ ತೊಟ್ಟು, ಬರಿದಲೆಯಲ್ಲಿ. ಯಾರ ಮುಂದೆಯೂ ಟ್ರಕ್ಕಿನ ಸುದ್ದಿ ಎತ್ತಲಿಲ್ಲ. ಉಂಡು, ನಾಗಮಣಿಗೆ ಕೈಮುಗಿದು ಬೇಗ ಹೊರಟ. ಅವನ ಕಾರು ತಿರುವು ದಾಟುವವರೆಗೂ ಅಪ್ಪಾಸಾಹೇಬ ಹೊಸ ಮನೆಯ ಹೊಸ್ತಿಲಲ್ಲಿ ನಿಂತೇ ಇದ್ದ. ಒಳಗೆ ನಾಗಮಣಿಯ ಆಫೀಸಿನವರು ಕರೆಯುತ್ತಿದ್ದರು. ಅವರಿಗೆ ಮುಖ ತೋರಿಸಲು ಅವನಿಗೆ ಮನಸ್ಸಾಗಲಿಲ್ಲ.