ಚಕ್ರದ ಮೇಲೆ ಒಂದೂವರೆ ಬೆರಳು ಜಾಗ

ಜುಲೈ ಹನ್ನೊಂದು, ಶುಕ್ರವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ಇನ್ನಂಜೆಯ ನಮ್ಮ ಅಂಗಳದಿಂದ ಗಾಡಿ ರಸ್ತೆಗೆ ಇಳಿಯುವಲ್ಲಿ ಒಂದು ಮೋರಿ ಇದೆ. ಹಿಂದಿನ ಚಕ್ರ ಅದನ್ನು ದಾಟುವಾಗ ಕೆಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದಾಯಿತು. ಹಿಂದೆ ಹಾಸಿಗೆಯಲ್ಲಿ ಮಲಗಿದ್ದ ಅಪ್ಪ ಕೂಗಲಿಲ್ಲ. ಉಸಿರನ್ನು ಒಳಗೆಳೆದು ಹಾಗೆಯೇ ಹಿಡಿದುಕೊಂಡರು. ಅವರ ಪಕ್ಕದಲ್ಲಿ ಕೂತಿದ್ದ ಅಮ್ಮ ನನ್ನ ಸೀಟಿನ ಬೆನ್ನಿಗೆ ತಟ್ಟಿ, "ನಿಲ್ಲಿಸು" ಎಂದರು.

ಅಪ್ಪನ ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿದೆ. ನೋವು ತಗ್ಗಲಿ ಎಂದು ಮಣಿಪಾಲದಲ್ಲಿ ರೇಡಿಯೇಶನ್ ಕೊಡುತ್ತಿದ್ದಾರೆ. ಒಟ್ಟು ಇಪ್ಪತ್ತು ಸಲ, ಶನಿವಾರ ಭಾನುವಾರ ಬಿಟ್ಟು ದಿನವೂ. ಬೆನ್ನು ಕುಲುಕಬಾರದು ಎಂದು ಡಾಕ್ಟರು ಹೇಳಿದ್ದಾರೆ. ಕೂರಲು ಅವರಿಂದ ಆಗುವುದಿಲ್ಲ. ಮೊದಲ ದಿನ ಆಂಬ್ಯುಲೆನ್ಸ್ ತರಿಸಿದ್ದೆವು. ಅದರ ಕಿರಿದಾದ ಸ್ಟ್ರೆಚರಿನಲ್ಲಿ ಮಗ್ಗುಲು ಬದಲಿಸಲಾಗದೆ, ಉದ್ಯಾವರ ದಾಟುವ ಮೊದಲೇ ವಾಂತಿ ಮಾಡಿಕೊಂಡರು. ಆಮೇಲೆ ನಮ್ಮದೇ ಹಳೆಯ ಎಸ್‌ಯುವಿಯ ಹಿಂದಿನ ಸೀಟುಗಳನ್ನು ಕಳಚಿ ಹಾಸಿಗೆ ಹಾಸಿದೆವು.

ಆದರೆ ಆ ಗಾಡಿಯ ಹಿಂಭಾಗ ಕುಸಿದಿತ್ತು. ಅಪ್ಪನದು ಶಾಮಿಯಾನದ ವ್ಯಾಪಾರ. ಎರ್ಮಾಳಿನಿಂದ ಉಡುಪಿಯವರೆಗೆ ಮದುವೆ ಮನೆಗಳಿಗೆ ಕಬ್ಬಿಣದ ಕಂಬ, ಕುರ್ಚಿಗಳನ್ನು ವರ್ಷಾನುಗಟ್ಟಲೆ ಅದರಲ್ಲೇ ಸಾಗಿಸಿದವರು. ಮುಂದಿನ ಚಕ್ರಗಳ ಮೇಲೆ, ಗಾಡಿಯ ಮೈಗೂ ಚಕ್ರಕ್ಕೂ ನಡುವೆ, ನಾಲ್ಕು ಬೆರಳು ಹಿಡಿಸುವ ಜಾಗವಿತ್ತು. ಹಿಂದೆ ಎಡಕ್ಕೆ ಎರಡು, ಬಲಕ್ಕೆ ಒಂದೂವರೆ. ರಸ್ತೆಯ ಗುಂಡಿಗಳಲ್ಲಿ ನೀರು ನಿಂತು ಆಳ ತಿಳಿಯುತ್ತಿರಲಿಲ್ಲ. ಮೊದಲ ದಿನಗಳಲ್ಲಿ ಒಂದೆರಡು ಸಲ ಬಡಿಯುತ್ತಿದ್ದ ಗಾಡಿಯ ಅಡಿ, ಅಂದು ಮಣಿಪಾಲ ಮುಟ್ಟುವವರೆಗೆ ಹನ್ನೊಂದು ಸಲ ಬಡಿಯಿತು. ಪ್ರತಿ ಸಲವೂ ಕನ್ನಡಿಯಲ್ಲಿ ಅಪ್ಪನ ಮುಖ ನೋಡಿದೆ. ನೋಡಬಾರದಿತ್ತು.

"ನಾನು ಇದರ ಬೆನ್ನು ಮುರಿದೆ ಅಲ್ವಾ? ಈಗ ಅದರ ಸರದಿ" ಎಂದರು ಅಪ್ಪ.

"ನಿಮಗೆ ಇದರಲ್ಲೂ ತಮಾಷೆ ಉಂಟಲ್ಲ" ಎಂದು ಅಮ್ಮ ಆಚೆ ತಿರುಗಿದರು.

ಉಡುಪಿಯ ಎರಡು ಗ್ಯಾರೇಜಿನವರು ಈ ಗಾಡಿಯ ಸ್ಪ್ರಿಂಗ್ ಪ್ಲೇಟುಗಳು ಈಗ ಹೊಸತು ಬರುವುದಿಲ್ಲ ಎಂದು ಕೈಚೆಲ್ಲಿದರು. ಇದರದ್ದು ಸುರುಳಿ ಸ್ಪ್ರಿಂಗ್ ಅಲ್ಲ, ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ನಮ್ಮವು ಬಾಗು ಕಳೆದುಕೊಂಡು ಚಪ್ಪಟೆಯಾಗಿದ್ದವು. ಶನಿವಾರ ಕಾರ್ಕಳಕ್ಕೆ ಕೊಂಡುಹೋದೆ. ಅಲ್ಲಿಯ ಮೆಕ್ಯಾನಿಕ್ ಕಲ್ಲು ಸಾಗಿಸುವ ಗಾಡಿಗಳನ್ನೇ ಹೆಚ್ಚಾಗಿ ರಿಪೇರಿ ಮಾಡುವವರು. ಒಳಗೆ ಇಣುಕಿ ಹಾಸಿಗೆಯನ್ನೂ ನೋಡಿದರು.

"ಪೇಶೆಂಟ್ ಮಲಗುದಾ? ತಲೆಬಿಸಿ ಮಾಡಬೇಡಿ ಅಕ್ಕ. ಎರಡೂ ಬದಿಗೆ ಒಂದೊಂದು ದಪ್ಪ ಪ್ಲೇಟ್ ಸೇರಿಸುವ. ಇನ್ನು ಹತ್ತು ಜನ ಕೂತರೂ ಕೆಳಗೆ ಬರುದಿಲ್ಲ."

ಶಾಕ್ ಅಬ್ಸಾರ್ಬರುಗಳನ್ನೂ ಹೊಸದಾಗಿ ಹಾಕಿದರು. ಸಂಜೆ ಅಳೆದರೆ ಹಿಂದೆ ಎರಡೂ ಕಡೆ ಐದು ಬೆರಳು. ಅಷ್ಟು ಖುಷಿಯಿಂದ ನಾನು ಬೆಳ್ಮಣ್ ದಾಟಿ ಬಂದದ್ದು ಬೇರೆ ಯಾವತ್ತೂ ಇಲ್ಲ.

ಸೋಮವಾರ ಅಡಿ ಒಮ್ಮೆಯೂ ಬಡಿಯಲಿಲ್ಲ. ಬದಲಿಗೆ ಹಿಂಭಾಗ ಹಾರಿತು. ಸಣ್ಣ ಗುಂಡಿಗೂ ಗಾಡಿ ಮೇಲಕ್ಕೆ ಚಿಮ್ಮುತ್ತಿತ್ತು, ಅದರೊಂದಿಗೆ ಹಾಸಿಗೆಯೂ, ಅಪ್ಪನೂ. ಕಲ್ಲು ಹೊರುವಷ್ಟು ಗಟ್ಟಿಯಾದ ಸ್ಪ್ರಿಂಗಿನ ಮೇಲೆ ಈಗ ಇರುವುದು ಐವತ್ತು ಕಿಲೋ ತೂಗದ ಅಪ್ಪ ಮತ್ತು ಅಮ್ಮ ಮಾತ್ರ. ಕಟಪಾಡಿಯ ಹತ್ತಿರ ಅಪ್ಪ ಮೊದಲ ಬಾರಿ ಕೂಗಿದರು. ಆ ಕೂಗನ್ನು ನಾನು ಹಿಂದೆ ಕೇಳಿರಲಿಲ್ಲ. ಗಾಡಿ ಬದಿಗೆ ನಿಲ್ಲಿಸಿ ಸ್ಟಿಯರಿಂಗಿಗೆ ತಲೆ ಆನಿಸಿ ಕೂತೆ. ಮುಂದೆ ಹೋದರೂ ಹಿಂದೆ ಹೋದರೂ ಅದೇ ರಸ್ತೆ.

ಆಸ್ಪತ್ರೆಯಿಂದ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ಖಾಲಿ ಗಾಡಿ ಹಾರ್ತದೆ ಅಕ್ಕ. ಸ್ವಲ್ಪ ಭಾರ ಹಾಕಿ ನೋಡಿ."

ಮಂಗಳವಾರ ಅಪ್ಪನ ಕಾಲಿನಿಂದ ಹಿಂದೆ, ಹಿಂಬಾಗಿಲಿಗೆ ತಾಗಿಸಿ ಕುಚ್ಚಲಕ್ಕಿಯ ನಾಲ್ಕು ಮೂಟೆ ಇಟ್ಟೆವು. ಗಾಡಿ ಮೆತ್ತಗಾಯಿತು. ಉದ್ಯಾವರ ದಾಟಿದಾಗ ಅಪ್ಪ ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿದೆ ಎಂದು ಅಮ್ಮ ಕೈಸನ್ನೆ ಮಾಡಿದರು. ಉಡುಪಿ ಸಿಗುವ ಮೊದಲು ಒಂದು ಬಸ್ಸು ಎದುರಿನಲ್ಲಿ ಗಕ್ಕನೆ ನಿಂತಿತು. ನಾನು ಬ್ರೇಕ್ ಒತ್ತಿದೆ. ಮೂಟೆಗಳು ಜಾರಿ ಬಂದು ಅಪ್ಪನ ಪಾದಗಳನ್ನು ದೂಡಿದವು. ಆ ದೂಡುವಿಕೆ ನೇರ ಬೆನ್ನಿಗೆ ಹೋಯಿತು. ಅಮ್ಮ ಎರಡೂ ಕೈಯಿಂದ ಮೂಟೆಯನ್ನು ಹಿಂದಕ್ಕೆ ಒತ್ತುತ್ತಾ ನನ್ನ ಹೆಸರು ಕರೆಯುತ್ತಿದ್ದರು.

ಮನೆಗೆ ಬಂದ ಮೇಲೆ ಅಪ್ಪ ಗೋಡೆಯ ಕಡೆಗೆ ಮುಖ ಮಾಡಿ ಹೇಳಿದರು, "ಸಾಕು ಮಗಾ. ನಾಳೆ ಬೇಡ."

"ಹನ್ನೊಂದು ಆಯಿತಪ್ಪ. ಇನ್ನು ಒಂಬತ್ತೇ ಉಂಟು."

"ಒಂಬತ್ತು ಸಲ ಹೋಗಬೇಕು, ಒಂಬತ್ತು ಸಲ ಬರಬೇಕು. ನೀನು ಭಾರಿ ಲೆಕ್ಕದವಳಲ್ವಾ, ಕೂಡಿಸಿ ನೋಡು."

ಮಧ್ಯದಲ್ಲಿ ಬಿಟ್ಟರೆ ಇಲ್ಲಿಯವರೆಗೆ ಕೊಟ್ಟದ್ದರ ಉಪಯೋಗ ಕಡಿಮೆ ಎಂದು ಡಾಕ್ಟರು ಹೇಳಿದ್ದಾರೆ. ಬಲವಂತದಿಂದ ಎತ್ತಿಕೊಂಡು ಹೋಗೋಣ ಎಂದರೆ, ಯಾವ ಗಾಡಿಯಲ್ಲಿ?

ಆದ್ದರಿಂದ ಈ ರಾತ್ರಿಯೇ ನಿಮಗೆಲ್ಲ ಇದನ್ನು ಬರೆಯುತ್ತಿದ್ದೇನೆ. ಸೇರಿಸಿದ ಪ್ಲೇಟ್ ತೆಗೆದರೆ ಅಡಿ ಬಡಿಯುತ್ತದೆ, ಇಟ್ಟರೆ ಹಾರುತ್ತದೆ. ಹಳೆಯ ಪ್ಲೇಟುಗಳನ್ನೇ ಕಾಯಿಸಿ ಮೊದಲಿನ ಬಾಗು ತರುವವರು ಕಾರ್ಕಳ, ಕಾಪು, ಉಡುಪಿಯಲ್ಲಿ ಯಾರಾದರೂ ಇದ್ದಾರೆಯೇ? ದಪ್ಪ ಪ್ಲೇಟಿನ ಬದಲು ತೆಳುವಾದದ್ದು ಹಾಕಿದರೆ ಆದೀತೇ? ಮೂಟೆ ಜಾರದಂತೆ ಕಟ್ಟುವ ದಾರಿಯಾದರೂ ಉಂಟೇ? ಮಲಗಿದ ರೋಗಿಯನ್ನು ಇಂಥ ಗಾಡಿಯಲ್ಲಿ ಸಾಗಿಸಿ ಗೊತ್ತಿರುವವರು ದಯವಿಟ್ಟು ಇವತ್ತೇ ನನಗೆ ಬರೆಯಿರಿ. ಅಪ್ಪನಿಗೆ ನಾಳೆ ಬೆಳಗ್ಗೆ ಹೇಳಲು ನನಗೆ ಏನಾದರೂ ಬೇಕು.