ಸುನೀತಾ ಬಿಚ್ಚಿದ ಚೀಲ

ದೇವಣಗಾಂವದ ಕುರಿ ಕಾಯುವ ಮನೆತನದ ಸುನೀತಾ ಐಟಿಐ ಓದಿ ಹಿಡಿದ ಕೆಲಸದ ಹೆಸರು ಅವಳ ತಾಯಿಯ ಬಾಯಲ್ಲಿ ಇನ್ನೂ ಹೊರಳುವುದಿಲ್ಲ. ಯಾರಾದರೂ ಕೇಳಿದರೆ, "ವಾಸನಿ ಹಿಡಿಯೋ ಮಷೀನ್ ರಿಪೇರಿ ಮಾಡ್ತಾಳ್ರಿ" ಎನ್ನುತ್ತಾಳೆ. ಅದೇನೂ ತಪ್ಪಲ್ಲ. ಕಾರ್ಖಾನೆ, ಕೋಲ್ಡ್ ಸ್ಟೋರೇಜುಗಳಲ್ಲಿ ಗ್ಯಾಸ್ ಸೋರಿದರೆ ಸೈರನ್ ಕೂಗಿಸುವ ಸೆನ್ಸರ್‌ಗಳಿಗೆ ಪುಟ್ಟ ಸಿಲಿಂಡರಿನಿಂದ ತುಸು ಗ್ಯಾಸ್ ಹಿಡಿದು, ಅವು ಎಚ್ಚರವಾಗಿವೆಯೋ ಇಲ್ಲವೋ ನೋಡುವುದೇ ಅವಳ ಕೆಲಸ. ಇಂಡಿಯಿಂದ ಮುದ್ದೇಬಿಹಾಳದವರೆಗೂ ಸ್ಕೂಟಿಯ ಮೇಲೆ ತಿರುಗುತ್ತಾಳೆ.

ಕಳೆದ ಶ್ರಾವಣದಲ್ಲಿ ತಾಂಬಾ ಹತ್ತಿರದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿಗೆ ಹೋಗಿದ್ದಳು. ಏಣಿ ಹತ್ತಿ ನೋಡಿದರೆ ಬಾಗಿಲ ಮೇಲಿನ ಸೆನ್ಸರ್‌ಗೆ ಪ್ಲಾಸ್ಟಿಕ್ ಚೀಲ ಬಿಗಿದಿತ್ತು.

"ಇದನ್ನ ಕಟ್ಟಿದವ್ರು ಯಾರ್ರಿ?"

ದ್ರಾಕ್ಷಿ ಆರಿಸುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಅವರಲ್ಲಿ ಹಿರಿಯಳಾದ ಕಾಶಿಬಾಯಿ ಎದ್ದು ನಿಂತಳು. "ನಾನ ಕಟ್ಟೇನಿ ತಂಗಿ. ದಿನಾ ಮುಂಜಾನಿ ಬಾಗಲಾ ತೆಗದ್ರ ಸಾಕು, ಸುಮ್‌ಸುಮ್ನ ಒದರತೈತಿ. ಹೇಳಿದ್ರ ಯಾರೂ ಕೇಳವಲ್ರು."

ಸುನೀತಾಳಿಗೆ ಸಿಟ್ಟು ಬಂದಿತ್ತು. ಆದರೆ ಬಾಗಿಲು ತೆಗೆದಾಗಲೇ ಯಾಕೆ ಎಂಬುದು ತಲೆಯಲ್ಲಿ ಕುಳಿತಿತು. ಚೀಲ ಬಿಚ್ಚಿ, ಮರುದಿನ ಮುಂಜಾನೆ ಮತ್ತೆ ಬಂದು ನೋಡಿದಳು. ಮಳೆಗಾಲದ ಹಸಿಗಾಳಿ ಒಳಗಿನ ಥಂಡಿಗೆ ತಾಗಿದ್ದೇ ತಡ, ಸೆನ್ಸರ್ ಮೇಲೆ ನೀರಹನಿ ಕಟ್ಟುತ್ತಿತ್ತು. ಅದಕ್ಕೇ ಗ್ಯಾಸ್ ಇಲ್ಲದೆಯೂ ಸೈರನ್ ಕೂಗುತ್ತಿತ್ತು.

ಮ್ಯಾನೇಜರ್ ಬಸಂತರಾಯರಿಗೆ ತೋರಿಸಿದಳು. "ಎಲ್ಲಿ ಬೇಕೋ ಅಲ್ಲಿ ಹಾಕವಾ, ನನ್ನ ಕಿವಿನೂ ಹೋಗ್ಯಾವ" ಎಂದರವರು. ಸೆನ್ಸರ್ ಒಳಗೆ, ಥಂಡಿ ಮಾಡುವ ಅಮೋನಿಯಾ ಗ್ಯಾಸಿನ ಪೈಪುಗಳ ಮೇಲಕ್ಕೆ ಹೋಯಿತು. ಆಮೇಲೆ ಸುನೀತಾ ಹೆಂಗಸರನ್ನೆಲ್ಲ ಅಂಗಳಕ್ಕೆ ಕರೆದಳು.

"ಸೈರನ್ ಆದ್ರ ಹೊರಗ ಬಂದು ಮೊದಲ ಗಾಳಿ ನೋಡ್ರಿ. ಗಾಳಿ ಎತ್ತಾಗಿಂದ ಬರತೈತಿ, ಅತ್ತಾಗ ಹೋಗ್ರಿ."

ಕಾಶಿಬಾಯಿ ಸೆರಗು ಎತ್ತಿ ಹಿಡಿದು ಗಾಳಿ ನೋಡಿದಳು. ನಗುನಗುತ್ತಲೇ ಎಲ್ಲರೂ ಗಾಳಿಗೆ ಎದುರಾಗಿ ಓಡಿ ತಾಲೀಮು ಮಾಡಿದರು.

ದೀಪಾವಳಿ ಮುಂದೆ ಪೈಪಿನ ಜೋಡಣೆಯೊಂದು ಬಿಟ್ಟು ಗ್ಯಾಸ್ ಖರೇನೇ ಸೋರಿತು. ಸೈರನ್ ಕೂಗಿದಾಗ ಒಬ್ಬರೂ ತಡಮಾಡಲಿಲ್ಲ. ಕಾಶಿಬಾಯಿ ಸೆರಗು ಎತ್ತಿ ಗಾಳಿ ನೋಡಿ, ಎಲ್ಲರನ್ನೂ ಬೇವಿನ ಗಿಡದತ್ತ ಕರೆದೊಯ್ದಳು. ಆಪರೇಟರ್ ಮಾಸ್ಕ್ ಹಾಕಿಕೊಂಡು ವಾಲ್ವ್ ಮುಚ್ಚಿದ. ಇಬ್ಬರಿಗೆ ಕಣ್ಣುರಿ ಬಂದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಸಿಂದಗಿಯಲ್ಲಿದ್ದ ಸುನೀತಾ ಫೋನ್ ಬಂದೊಡನೆ ಹೊರಟು ಬಂದಳು. ಇಷ್ಟು ವರ್ಷ ತಾನೇ ಗ್ಯಾಸ್ ಹಿಡಿದು ಕೂಗಿಸಿದವಳು. ತನ್ನ ಸೆನ್ಸರ್ ತಾನಾಗಿ ಖರೇ ಗ್ಯಾಸ್ ಹಿಡಿದದ್ದು ಇದೇ ಮೊದಲು. ಏಣಿ ಹತ್ತಿ ಒಂದೊಂದನ್ನೂ ಮತ್ತೆ ಪರೀಕ್ಷಿಸಿ ಕೆಳಗಿಳಿದಾಗ ಕಾಶಿಬಾಯಿ ಅವಳನ್ನು ಗಿಡದ ನೆರಳಿಗೆ ಎಳೆದು, ಕೈಗೆ ಸಜ್ಜಿರೊಟ್ಟಿ, ಶೇಂಗಾಚಟ್ನಿ ಇಟ್ಟಳು.

"ಮೊದಲ ಉಣ್ಣು. ತಾಳಿಕೋಟಿಯೊಳಗ ನನ್ನ ತಂಗಿನೂ ಇಂಥಾದ್ರಾಗ ದುಡೀತಾಳ. ಅವರಿಗೂ ಹಿಂಗ ಓಡೂದು ಕಲಿಸಿ ಬಾರವಾ."

"ಮುಂದಿನ ವಾರ ಹೋಗ್ತೇನಿ ಕಾಶಕ್ಕ" ಎಂದ ಸುನೀತಾ, ನಾಚಿಕೆ ಬಿಟ್ಟು ಇನ್ನೊಂದು ರೊಟ್ಟಿ ಕೇಳಿದಳು.